ಪೊಲೀಸರ ಕಡತ ಸಾರ್ವಜನಿಕರ ಕೈಗೆ: ಬ್ರಿಟನ್ನಿನ ಅಪರಾಧ ದತ್ತಾಂಶ ತಾಣದ ವಿಮರ್ಶೆ

ಅಪರಾಧದ ಅಂಕಿಅಂಶಗಳನ್ನು ಜನರ ಮುಂದಿಡುವ ಯಾವುದೇ ತಾಣವನ್ನು ತೆರೆದಾಗ, ಎಲ್ಲಿ ಎಷ್ಟು ಕಳವಾಯಿತು ಎಂಬುದನ್ನಷ್ಟೇ ಅದು ಹೇಳುತ್ತಿದೆಯೋ, ಆ ಕಳವಿನ ಬಗ್ಗೆ ಪೊಲೀಸರು ಏನು ಮಾಡಿದರು ಎಂಬುದನ್ನೂ ಹೇಳುತ್ತಿದೆಯೋ ಎಂದು ನಾನು ಮೊದಲು ನೋಡುತ್ತೇನೆ. ಇಂಗ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡಿನ ಪೊಲೀಸ್ ಪಡೆಗಳ ಕಡತಗಳನ್ನು ಒಂದೆಡೆ ಕೊಡುವ ‘ಡೇಟಾ.ಪೊಲೀಸ್.ಯುಕೆ’ ತಾಣವನ್ನು ಹಲವು ವರ್ಷಗಳಿಂದ ಬಳಸುತ್ತಿರುವ ನನಗೆ, ಈ ಅಳತೆಗೋಲಿನಲ್ಲಿ ಅದು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಬರೆದಿಡಬೇಕೆನಿಸಿತು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಜನರು ಹೆಚ್ಚಾಗಿ ನೋಡುವ ಅದರ ಅಪರಾಧ ನಕ್ಷೆಗಿಂತ, ಪೊಲೀಸರು ದಾರಿಹೋಕರನ್ನು ನಿಲ್ಲಿಸಿ ಶೋಧಿಸಿದ್ದನ್ನು ದಾಖಲಿಸುವ, ಕಡಿಮೆ ಜನ ತೆರೆಯುವ ತಡೆ ಮತ್ತು ತಪಾಸಣೆಯ ಕಡತವೇ ಅದರ ನಿಜವಾದ ಹಿರಿಮೆ.

2011ರ ಫೆಬ್ರವರಿ ಆರಂಭದಲ್ಲಿ ಬೀದಿ ಮಟ್ಟದ ಅಪರಾಧ ನಕ್ಷೆ ಮೊದಲ ಬಾರಿಗೆ ಸಾರ್ವಜನಿಕರಿಗೆ ತೆರೆದುಕೊಂಡಾಗ, ನೋಡಲು ಮುಗಿಬಿದ್ದವರ ಸಂಖ್ಯೆಯನ್ನು ತಾಳಲಾರದೆ ತಾಣವೇ ಕುಸಿದುಬಿದ್ದಿತ್ತು. ಈಗ ಆ ತೊಂದರೆಯಿಲ್ಲ. 2010ರ ಡಿಸೆಂಬರ್‌ನಿಂದ ಈಚಿನ ಮಾಹಿತಿ ತಿಂಗಳಿಗೊಂದು ಕಡತದಂತೆ ಸಿಗುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ 43 ಪ್ರಾದೇಶಿಕ ಪಡೆಗಳು, ರೈಲ್ವೆ ಪೊಲೀಸ್ ಪಡೆ ಮತ್ತು ಉತ್ತರ ಐರ್ಲೆಂಡಿನ ಪಡೆ ಇದರಲ್ಲಿ ಸೇರಿವೆ. ಸ್ಕಾಟ್ಲೆಂಡಿನ ಪಡೆ ಸೇರಿಲ್ಲ. ಯಾವ ತಿಂಗಳು, ಯಾವ ಪಡೆ ಎಂದು ಗುರುತು ಹಾಕಿ ಗುಂಡಿ ಒತ್ತಿದರೆ ಸಾಕು, ಯಾವುದೇ ಸ್ಪ್ರೆಡ್‌ಶೀಟ್‌ನಲ್ಲಿ ತೆರೆದುಕೊಳ್ಳುವ ಸಿಎಸ್‌ವಿ ಕಡತ ಬರುತ್ತದೆ. ಅರ್ಜಿ ಬೇಕಿಲ್ಲ, ಶುಲ್ಕವಿಲ್ಲ, ಏಕೆ ಬೇಕು ಎಂದು ಯಾರೂ ಕೇಳುವುದಿಲ್ಲ. ಸರಕಾರದ ಮುಕ್ತ ಪರವಾನಗಿಯಡಿ ಬಿಡುಗಡೆಯಾಗಿರುವುದರಿಂದ, ಮೂಲವನ್ನು ಹೇಳಿ ಮರುಪ್ರಕಟಿಸಲು ಯಾರಿಗೂ ಅಡ್ಡಿಯಿಲ್ಲ.

ಈ ಸೌಲಭ್ಯವನ್ನು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಹಿಂದೊಮ್ಮೆ ಬೇರೊಂದು ಕಡೆ, ಒಂದು ಪೊಲೀಸ್ ಕಚೇರಿಯಿಂದ ಐದು ವರ್ಷಗಳ ವಾಹನ ಕಳವಿನ ವಿವರವನ್ನು ಕೇಳಿ ಪಡೆಯಬೇಕಾಗಿ ಬಂದಿತ್ತು. ತಿಂಗಳುಗಳು ಕಳೆದ ಮೇಲೆ ಬಂದದ್ದು, ಓರೆಯಾಗಿ ಸ್ಕ್ಯಾನ್ ಮಾಡಿದ ಮೂವತ್ತಕ್ಕೂ ಹೆಚ್ಚು ಹಾಳೆಗಳು. ಅಂಚಿನ ಕಾಲಂ ಅರ್ಧ ಕತ್ತರಿಸಿಹೋಗಿತ್ತು, ಒಟ್ಟು ಮೊತ್ತವೂ ಸಾಲುಗಳ ಕೂಡಿಕೆಯೂ ತಾಳೆಯಾಗುತ್ತಿರಲಿಲ್ಲ. ಎರಡು ರಾತ್ರಿ ಕುಳಿತು ಕೈಯಲ್ಲೇ ಅವನ್ನು ಟೈಪ್ ಮಾಡಿದ ಮೇಲೂ, ಯಾವ ಅಂಕಿಯನ್ನು ನಂಬಬೇಕೆಂಬುದು ತಿಳಿಯಲಿಲ್ಲ. ಮಾಹಿತಿ ಕೊಟ್ಟೆವು ಎಂದು ಲೆಕ್ಕದಲ್ಲಿ ತೋರಿಸುವುದಕ್ಕೂ, ಕೊಟ್ಟ ಮಾಹಿತಿಯನ್ನು ಕೇಳಿದವನು ಬಳಸುವಂತಾಗುವುದಕ್ಕೂ ನಡುವೆ ಎಷ್ಟು ದೂರವಿದೆ ಎಂಬುದು ನನಗೆ ಆಗಲೇ ಅರ್ಥವಾದದ್ದು.

ಈಗ ಕಡತದ ಒಳಗೆ ಇಳಿಯೋಣ. ಅಪರಾಧ ಕಡತದ ಒಂದು ಸಾಲನ್ನು ತೆಗೆದುಕೊಂಡರೆ, ಅದರಲ್ಲಿ ಅಂಕಿ ಮತ್ತು ಅಕ್ಷರಗಳ ಉದ್ದನೆಯ ಗುರುತು ಸಂಖ್ಯೆ, ತಿಂಗಳು, ವರದಿ ಮಾಡಿದ ಪಡೆ, ಅಕ್ಷಾಂಶ ಮತ್ತು ರೇಖಾಂಶ, ಸ್ಥಳದ ಹೆಸರು, ಜನಗಣತಿ ವಲಯದ ಸಂಕೇತ, ಅಪರಾಧದ ಬಗೆ ಮತ್ತು ಪ್ರಕರಣದ ಇತ್ತೀಚಿನ ಸ್ಥಿತಿ ಇರುತ್ತವೆ. ಅಪರಾಧಗಳನ್ನು 14 ಬಗೆಗಳಾಗಿ ವಿಂಗಡಿಸಿದ್ದಾರೆ: ಮನೆಗಳವು, ಸುಲಿಗೆ, ಸೈಕಲ್ ಕಳವು, ಅಂಗಡಿ ಕಳವು, ವಾಹನ ಸಂಬಂಧಿ ಅಪರಾಧ ಇತ್ಯಾದಿ. ಲೈಂಗಿಕ ಅಪರಾಧಗಳನ್ನು ಹಿಂಸಾಚಾರದ ಜೊತೆ ಒಂದೇ ಬಗೆಯಲ್ಲಿ ಸೇರಿಸಿರುವುದರಿಂದ, ಅವುಗಳನ್ನು ಪ್ರತ್ಯೇಕವಾಗಿ ಎಣಿಸಲು ಸಾಧ್ಯವಿಲ್ಲ. ಸಂಶೋಧಕನಿಗೆ ಇದು ನಷ್ಟವೇ ಸರಿ, ಆದರೆ ಚಿಕ್ಕ ಊರೊಂದರ ನಕ್ಷೆಯಲ್ಲಿ ಸಂತ್ರಸ್ತೆಯನ್ನು ಯಾರೂ ಬೆರಳು ಮಾಡಿ ತೋರಿಸುವಂತಾಗಬಾರದು ಎಂಬ ಎಚ್ಚರಿಕೆಯನ್ನು ನಾನು ಮನಸಾರೆ ಒಪ್ಪುತ್ತೇನೆ.

ಸ್ಥಳದ ಕಾಲಂನಲ್ಲಿ ‘ಇಂಥ ಬೀದಿಯಲ್ಲಿ ಅಥವಾ ಅದರ ಸಮೀಪ’ ಎಂದಿರುತ್ತದೆ. ಆ ‘ಸಮೀಪ’ ಎಂಬ ಮಾತನ್ನು ಓದುಗರು ಹಗುರವಾಗಿ ತೆಗೆದುಕೊಳ್ಳಬಾರದು. ಘಟನೆ ನಡೆದ ನಿಖರವಾದ ಜಾಗವನ್ನು ತಾಣ ಎಂದೂ ತೋರಿಸುವುದಿಲ್ಲ. ಬೀದಿಗಳ ಮಧ್ಯಭಾಗ, ಉದ್ಯಾನ, ವಾಹನ ನಿಲ್ದಾಣ, ಮಾರುಕಟ್ಟೆ ಸಂಕೀರ್ಣ ಮೊದಲಾದ ಕಡೆ ಮೊದಲೇ ಗುರುತಿಸಿಟ್ಟ ಏಳೂವರೆ ಲಕ್ಷಕ್ಕೂ ಹೆಚ್ಚು ಬಿಂದುಗಳಲ್ಲಿ ಹತ್ತಿರದ ಒಂದಕ್ಕೆ ಪ್ರತಿ ಘಟನೆಯನ್ನೂ ಎಳೆದು ಕೂರಿಸಲಾಗುತ್ತದೆ. ಪ್ರತಿ ಬಿಂದುವಿನ ಸುತ್ತಲಿನ ವ್ಯಾಪ್ತಿಯಲ್ಲಿ ಕನಿಷ್ಠ ಎಂಟು ಅಂಚೆ ವಿಳಾಸಗಳಿರಬೇಕು, ಇಲ್ಲವೇ ಒಂದೂ ಇರಬಾರದು. ಎಂಟು ಮನೆಗಳಿದ್ದರೆ ಕಳವಾದದ್ದು ಯಾರ ಮನೆಯಲ್ಲಿ ಎಂದು ನೆರೆಯವರಿಗೆ ತಿಳಿಯುವುದಿಲ್ಲ, ಮನೆಯೇ ಇಲ್ಲದ ಜಾಗದಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ. ಹೀಗೆ ಮರೆಮಾಡುತ್ತೇವೆ ಎಂಬುದನ್ನು ತಾಣ ತನ್ನ ವಿವರಣೆಯ ಪುಟದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದೆ. ತಾನು ಎಷ್ಟನ್ನು ಮಸುಕಾಗಿಸಿದ್ದೇನೆ ಎಂದು ಲೆಕ್ಕ ಸಮೇತ ಹೇಳುವ ಸರಕಾರಿ ತಾಣ ಅಪರೂಪ, ಆ ಪ್ರಾಮಾಣಿಕತೆ ನನಗೆ ಮೆಚ್ಚುಗೆಯಾದದ್ದು.

ಆದರೆ ನಕ್ಷೆಯನ್ನು ಮೊದಲ ಸಲ ನೋಡುವವನು ಆ ವಿವರಣೆಯ ಪುಟದವರೆಗೆ ಹೋಗುವುದಿಲ್ಲ ಎಂಬುದು ಚಿಂತೆಯ ವಿಷಯ. ಬಾಡಿಗೆ ಮನೆ ಹುಡುಕುವ ದಂಪತಿ ಒಂದು ಬೀದಿಯ ನಡುವೆ ದೊಡ್ಡ ಸಂಖ್ಯೆ ಹೊತ್ತ ವೃತ್ತವನ್ನು ಕಂಡು ಆ ಬೀದಿಯ ಸಹವಾಸವೇ ಬೇಡ ಎಂದುಕೊಂಡರೆ, ಅವರನ್ನು ದೂರುವಂತಿಲ್ಲ. ಆ ಸಂಖ್ಯೆಯಲ್ಲಿ ಅರ್ಧದಷ್ಟು ಪಕ್ಕದ ಮಾರುಕಟ್ಟೆಯ ಅಂಗಡಿ ಕಳವು ಇರಬಹುದು, ಹಿಂದಿನ ಓಣಿಯ ಗಲಾಟೆ ಇರಬಹುದು. ಈ ಕಡತಗಳ ನಿಖರತೆಯನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಸುಮಾರು ಒಂದೂವರೆ ಸಾವಿರ ಜನರಿರುವ ಜನಗಣತಿ ವಲಯದ ಮಟ್ಟದಲ್ಲಿ ಇವನ್ನು ನೆಚ್ಚಬಹುದು, ಅದಕ್ಕಿಂತ ಕೆಳಗಿಳಿದರೆ ನೆಚ್ಚುವಂತಿಲ್ಲ ಎಂದು ತೋರಿಸಿಕೊಟ್ಟಿತು. ಬಿಂದುಗಳ ಪಟ್ಟಿಯೂ ಕಾಲಕಾಲಕ್ಕೆ ಪರಿಷ್ಕರಣೆಯಾಗುವುದರಿಂದ, ಒಂದೇ ಬೀದಿಯ ಹತ್ತು ವರ್ಷಗಳ ಏರಿಳಿತವನ್ನು ಇದರಿಂದ ಲೆಕ್ಕ ಹಾಕುವುದು ತಪ್ಪು ದಾರಿ. ನಕ್ಷೆಯನ್ನು ರೂಪಿಸಿದವರಿಗೆ ಇದೆಲ್ಲ ಚೆನ್ನಾಗಿ ತಿಳಿದಿದೆ. ತಿಳಿದೂ ನಕ್ಷೆಯ ಮೇಲೆಯೇ, ಕಣ್ಣಿಗೆ ಬೀಳುವಂತೆ, ಒಂದು ಸಾಲಿನ ಎಚ್ಚರಿಕೆ ಹಾಕಬಹುದಲ್ಲವೇ?

ಇದಕ್ಕಿಂತ ದೊಡ್ಡ ತೊಡಕು ದಾಖಲಾಗದ ಅಪರಾಧದ್ದು. ತಾಣದಲ್ಲಿರುವುದು ನಡೆದ ಅಪರಾಧಗಳ ಪಟ್ಟಿಯಲ್ಲ, ಪೊಲೀಸರು ದಾಖಲಿಸಿಕೊಂಡ ಅಪರಾಧಗಳ ಪಟ್ಟಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಈ ವ್ಯತ್ಯಾಸ ಎಷ್ಟು ದೊಡ್ಡದಿತ್ತು ಎಂದರೆ, 2014ರ ಜನವರಿಯಲ್ಲಿ ಅಲ್ಲಿನ ಅಂಕಿಅಂಶ ಪ್ರಾಧಿಕಾರವು ಪೊಲೀಸ್ ದಾಖಲೆಯ ಅಪರಾಧ ಸಂಖ್ಯೆಗಳಿಗಿದ್ದ ‘ರಾಷ್ಟ್ರೀಯ ಅಂಕಿಅಂಶ’ ಎಂಬ ಮಾನ್ಯತೆಯನ್ನೇ ಹಿಂತೆಗೆದುಕೊಂಡಿತು. ಅದೇ ವರ್ಷದ ನವೆಂಬರ್‌ನಲ್ಲಿ ಪೊಲೀಸ್ ಪರಿವೀಕ್ಷಣಾ ಸಂಸ್ಥೆ ತನ್ನ ವರದಿಯಲ್ಲಿ, ಜನರು ಪೊಲೀಸರಿಗೆ ತಿಳಿಸಿದ ಅಪರಾಧಗಳಲ್ಲಿ 19 ಪ್ರತಿಶತದಷ್ಟು, ಅಂದರೆ ವರ್ಷಕ್ಕೆ ಎಂಟು ಲಕ್ಷಕ್ಕೂ ಹೆಚ್ಚು, ದಾಖಲಾಗುತ್ತಲೇ ಇಲ್ಲ ಎಂದು ಹೇಳಿತು. ಹಿಂಸಾಚಾರದ ಪ್ರಕರಣಗಳಲ್ಲಿ ಈ ಪ್ರಮಾಣ 33, ಲೈಂಗಿಕ ಅಪರಾಧಗಳಲ್ಲಿ 26 ಪ್ರತಿಶತ. ಹಾಗಾಗಿ ಒಂದು ಊರಿನಲ್ಲಿ ಅಪರಾಧದ ಸಂಖ್ಯೆ ಹೆಚ್ಚಾಗಿದೆ ಎಂದು ಕಡತ ಹೇಳಿದಾಗ, ಅಲ್ಲಿ ಅಪರಾಧ ಹೆಚ್ಚಿತೋ, ದೂರು ಬರೆದುಕೊಳ್ಳುವ ಪೊಲೀಸರ ಶಿಸ್ತು ಹೆಚ್ಚಿತೋ ಎಂಬುದನ್ನು ಕಡತವೊಂದರಿಂದಲೇ ಹೇಳಲಾಗುವುದಿಲ್ಲ. 1982ರಿಂದ ನಡೆಯುತ್ತಿರುವ, ಮನೆಮನೆಗೆ ಹೋಗಿ ಜನರನ್ನೇ ಕೇಳುವ ಅಪರಾಧ ಸಮೀಕ್ಷೆಯ ಜೊತೆ ಇದನ್ನು ಹೋಲಿಸಿ ಓದಲೇಬೇಕು. ಆ ಸಮೀಕ್ಷೆಯ ಅಂದಾಜಿನಲ್ಲಿ ಒಟ್ಟು ಅಪರಾಧದ ಸುಮಾರು 40 ಪ್ರತಿಶತದಷ್ಟಿರುವ ವಂಚನೆಗೆ ತಾಣದ 14 ಬಗೆಗಳಲ್ಲಿ ಜಾಗವೇ ಇಲ್ಲ ಎಂಬುದನ್ನು ಗಮನಿಸಿದರೆ, ನಕ್ಷೆ ಎಷ್ಟನ್ನು ಬಿಟ್ಟಿದೆ ಎಂಬುದರ ಅಂದಾಜು ಸಿಗುತ್ತದೆ.

ಖಾಲಿ ಬಿಟ್ಟ ಜಾಗವೂ ಕೆಲವೊಮ್ಮೆ ಮಾತಾಡುತ್ತದೆ. ಗ್ರೇಟರ್ ಮ್ಯಾಂಚೆಸ್ಟರ್ ಪಡೆಯ ಕಂಪ್ಯೂಟರ್ ವ್ಯವಸ್ಥೆ ಬದಲಾದ ಕಾರಣಕ್ಕೆ 2019ರ ಜುಲೈನಿಂದ ವರ್ಷಗಟ್ಟಲೆ ಅದರ ಅಪರಾಧ ಕಡತ ಈ ತಾಣಕ್ಕೆ ಬರಲೇ ಇಲ್ಲ. ತಾಣ ಅದನ್ನು ತನ್ನ ಬದಲಾವಣೆಗಳ ಪಟ್ಟಿಯಲ್ಲಿ ಬರೆದುಕೊಂಡಿದೆ. 2020ರ ಡಿಸೆಂಬರ್‌ನಲ್ಲಿ ಪರಿವೀಕ್ಷಣಾ ಸಂಸ್ಥೆಯ ವರದಿ ಬಂದಾಗ, ಆ ವರ್ಷದ ಜೂನ್‌ವರೆಗಿನ 12 ತಿಂಗಳಲ್ಲಿ ಅದೇ ಪಡೆ ಸುಮಾರು 80,000 ಅಪರಾಧಗಳನ್ನು ದಾಖಲಿಸಿಕೊಂಡಿರಲಿಲ್ಲ ಎಂಬುದು ಹೊರಬಿತ್ತು. ಒಂದಕ್ಕೆ ಇನ್ನೊಂದು ಕಾರಣ ಎಂದು ನಾನು ಹೇಳುತ್ತಿಲ್ಲ. ಆದರೆ ಒಂದು ಪಡೆಯ ಕಡತ ತಿಂಗಳುಗಟ್ಟಲೆ ಬರದಿದ್ದಾಗ ಪ್ರಶ್ನೆ ಕೇಳಬೇಕೆಂಬ ನನ್ನ ಅಭ್ಯಾಸ ಅಂದಿನಿಂದ ಗಟ್ಟಿಯಾಯಿತು. ಕಡತಗಳನ್ನು ಒಟ್ಟು ಮಾಡಿ ದೇಶದ ಮೊತ್ತ ತೆಗೆಯುವವರು ಮೊದಲು ಯಾವ ಪಡೆ ಯಾವ ತಿಂಗಳಲ್ಲಿ ಇಲ್ಲ ಎಂದು ಒಂದು ಕೋಷ್ಟಕ ಮಾಡಿಕೊಳ್ಳುವುದು ಒಳ್ಳೆಯದು. ಇಲ್ಲದಿದ್ದರೆ ಒಂದು ದೊಡ್ಡ ನಗರ ಕಾಣೆಯಾದದ್ದನ್ನೇ ಅಪರಾಧ ಇಳಿದದ್ದೆಂದು ತಿಳಿದುಬಿಡುತ್ತೀರಿ.

ಪ್ರಕರಣದ ಸ್ಥಿತಿಯ ಕಾಲಂಗೆ ಬರೋಣ, ಪೊಲೀಸರ ಕೆಲಸ ಕಾಣಿಸಿಕೊಳ್ಳುವ ಮೊದಲ ಜಾಗ ಇದು. ಸೈಕಲ್ ಕಳವಿನ ಸಾಲುಗಳನ್ನು ಬೇರ್ಪಡಿಸಿಕೊಂಡು ಈ ಕಾಲಂ ಮೇಲೆ ಕಣ್ಣಾಡಿಸಿದರೆ, ‘ತನಿಖೆ ಮುಗಿದಿದೆ, ಶಂಕಿತರು ಪತ್ತೆಯಾಗಿಲ್ಲ’ ಎಂಬ ಒಂದೇ ವಾಕ್ಯ ಪರದೆಯ ಮೇಲಿನಿಂದ ಕೆಳಗಿನವರೆಗೆ ಮತ್ತೆ ಮತ್ತೆ ಬರುತ್ತದೆ. ಸೈಕಲ್ ಕಳೆದುಕೊಂಡ ಯಾರಿಗಾದರೂ ಇದು ಮೊದಲೇ ಗೊತ್ತಿರುವ ಸಂಗತಿ. ಆದರೆ ಒಬ್ಬೊಬ್ಬರ ಗೊಣಗಾಟವಾಗಿ ಉಳಿಯುತ್ತಿದ್ದ ಮಾತು ಇಲ್ಲಿ ಪೊಲೀಸರದೇ ಕಡತದಲ್ಲಿ, ಅವರದೇ ಪದಗಳಲ್ಲಿ, ಎಣಿಸಲು ಸಿಗುವಂತೆ ನಿಂತಿದೆ. ಇದು ಸಣ್ಣ ಸಾಧನೆಯಲ್ಲ. ಕೊರತೆಯೂ ಇಲ್ಲಿಯೇ ಇದೆ. ಪ್ರಕರಣ ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ ಹಲವು ಸಾಲುಗಳು ‘ನ್ಯಾಯಾಲಯದ ಫಲಿತಾಂಶ ಲಭ್ಯವಿಲ್ಲ’ ಎಂಬಲ್ಲಿಗೆ ಬಂದು ನಿಂತುಬಿಡುತ್ತವೆ. ಇನ್ನು ಕೆಲವು ‘ಸ್ಥಿತಿಯ ಮಾಹಿತಿ ಲಭ್ಯವಿಲ್ಲ’ ಎನ್ನುತ್ತವೆ. ಸಾರ್ವಜನಿಕ ಕಿರುಕುಳದ ಸಾಲುಗಳಿಗಂತೂ ಗುರುತು ಸಂಖ್ಯೆಯೂ ಇಲ್ಲ, ಮುಂದೇನಾಯಿತು ಎಂಬುದೂ ಇಲ್ಲ.

ನಾನು ಮೊದಲಿಗೆ ಹೇಳಿದ ತಡೆ ಮತ್ತು ತಪಾಸಣೆಯ ಕಡತ ಬೇರೆಯೇ ಜಾತಿಯದು. ದಾರಿಯಲ್ಲಿ ಹೋಗುತ್ತಿದ್ದವರನ್ನು ಪೊಲೀಸರು ನಿಲ್ಲಿಸಿ, ಜೇಬು ಚೀಲ ನೋಡಿದ ಪ್ರತಿ ಸಂದರ್ಭಕ್ಕೂ ಇಲ್ಲಿ ಒಂದು ಸಾಲು. ದಿನಾಂಕ ಮಾತ್ರವಲ್ಲ, ಗಂಟೆ ನಿಮಿಷವೂ ಇದೆ. ಯಾವ ಕಾನೂನಿನ ಯಾವ ಕಲಮಿನಡಿ ತಡೆದರು, ಏನನ್ನು ಹುಡುಕುತ್ತಿದ್ದರು, ಕೊನೆಗೆ ಏನಾಯಿತು, ಸಿಕ್ಕಿದ್ದು ಹುಡುಕಿದ ವಸ್ತುವಿಗೆ ಸಂಬಂಧಿಸಿದ್ದೇ ಅಲ್ಲವೇ, ಮೇಲಂಗಿಗಿಂತ ಹೆಚ್ಚಿನ ಬಟ್ಟೆ ತೆಗೆಸಿದರೇ ಎಂಬುದಕ್ಕೆಲ್ಲ ಒಂದೊಂದು ಕಾಲಂ. 1971ರ ಮಾದಕ ವಸ್ತು ದುರ್ಬಳಕೆ ಕಾಯಿದೆಯ 23ನೇ ಕಲಮು, ಹುಡುಕಿದ್ದು ಮಾದಕ ವಸ್ತು, ಫಲಿತಾಂಶ ‘ಮುಂದಿನ ಕ್ರಮವಿಲ್ಲ’: ಈ ಮೂರು ಒಟ್ಟಿಗಿರುವ ಸಾಲುಗಳನ್ನು ಸೋಸಿ ನೋಡಿ, ಎಷ್ಟು ಬರುತ್ತವೆ ಎಂದು ಎಣಿಸಿ.

ಅದರಲ್ಲೂ ಒಂದು ಜೋಡಿ ಕಾಲಂ ನನ್ನನ್ನು ಪ್ರತಿ ಸಲವೂ ತಡೆದು ನಿಲ್ಲಿಸುತ್ತದೆ. ತಪಾಸಣೆಗೊಳಗಾದವರು ತಮ್ಮ ಜನಾಂಗ ಯಾವುದೆಂದು ತಾವೇ ಹೇಳಿಕೊಂಡದ್ದು ಒಂದು ಕಾಲಂನಲ್ಲಿದೆ. ಅವರನ್ನು ನೋಡಿ ಪೊಲೀಸ್ ಅಧಿಕಾರಿ ಯಾವ ಜನಾಂಗದವರೆಂದು ಬರೆದುಕೊಂಡರು ಎಂಬುದು ಇನ್ನೊಂದರಲ್ಲಿ. ಎರಡೂ ಒಂದೇ ಆಗಿರುವ ಸಾಲುಗಳಿವೆ, ಆಗದಿರುವ ಸಾಲುಗಳೂ ಇವೆ. ಒಬ್ಬ ಮನುಷ್ಯ ತನ್ನನ್ನು ತಾನು ಕಂಡದ್ದು, ಸಮವಸ್ತ್ರದಲ್ಲಿರುವವರು ಅವನನ್ನು ಕಂಡದ್ದು, ಎರಡೂ ಒಂದೇ ಸಾಲಿನಲ್ಲಿ ಪಕ್ಕಪಕ್ಕದಲ್ಲಿ ಕುಳಿತಿರುವ ಬೇರೊಂದು ಸರಕಾರಿ ಕಡತವನ್ನು ನಾನು ಕಂಡಿಲ್ಲ. ಕಳವಿನ ಕಡತದಲ್ಲಿ ತಿಂಗಳು ಮಾತ್ರ ಕೊಟ್ಟು ಸಂತ್ರಸ್ತರನ್ನು ಮರೆಮಾಡುವ ತಾಣವೇ, ಪೊಲೀಸರು ಅಧಿಕಾರ ಚಲಾಯಿಸಿದ ಗಳಿಗೆಯನ್ನು ನಿಮಿಷದವರೆಗೆ ತೋರಿಸುತ್ತದೆ. ಇಲ್ಲಿಯೂ ಜಾಗ ಅಂದಾಜಿನದೇ, ವಯಸ್ಸು 10ರಿಂದ 17, 18ರಿಂದ 24 ಎಂಬಂಥ ಗುಂಪುಗಳಲ್ಲೇ. ಯಾರನ್ನು ಮರೆಮಾಡಬೇಕು, ಯಾವುದನ್ನು ಬಯಲಿಗಿಡಬೇಕು ಎಂಬ ವಿವೇಕ ಈ ವಿನ್ಯಾಸದಲ್ಲಿ ಎದ್ದು ಕಾಣುತ್ತದೆ.

ಇಂಥ ಕಡತದಿಂದ ಏನಾಗಬಹುದೆಂಬುದಕ್ಕೆ ನ್ಯೂಯಾರ್ಕ್ ಸಾಕ್ಷಿ. ಅಲ್ಲಿನ ಪೊಲೀಸರು 2011ರಲ್ಲಿ ಜನರನ್ನು ಬೀದಿಯಲ್ಲಿ ತಡೆದದ್ದು 6,85,724 ಬಾರಿ ಎಂಬುದು ಅವರದೇ ದಾಖಲೆ. ಹೀಗೆ ತಡೆದ ಪ್ರತಿ 10 ಬಾರಿಯಲ್ಲಿ ಸುಮಾರು 9 ಬಾರಿ ಬಂಧನವೂ ಆಗಲಿಲ್ಲ, ಸಮನ್ಸೂ ಕೊಡಲಿಲ್ಲ. 2013ರ ಆಗಸ್ಟ್‌ನಲ್ಲಿ ಫೆಡರಲ್ ನ್ಯಾಯಾಲಯ ಆ ಪದ್ಧತಿ ಸಂವಿಧಾನಬಾಹಿರವಾಗಿ ನಡೆದಿದೆ ಎಂದು ತೀರ್ಪು ಕೊಟ್ಟಾಗ, ಪೊಲೀಸರೇ ತುಂಬಿಸಿದ್ದ ನಮೂನೆಗಳ ವಿಶ್ಲೇಷಣೆ ವಾದದ ಬೆನ್ನೆಲುಬಾಗಿತ್ತು.

ಅಮೆರಿಕದ್ದೇ ಷಿಕಾಗೋ ನಗರದ ತಾಣವನ್ನೂ ಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. 2001ರಿಂದ ಈಚಿನ ಅಪರಾಧಗಳನ್ನು, ಕೊನೆಯ ಏಳು ದಿನಗಳನ್ನು ಬಿಟ್ಟು, ಅದು ಕೊಡುತ್ತದೆ. ಮನೆ ಸಂಖ್ಯೆಯ ಕೊನೆಯ ಎರಡು ಅಂಕಿಗಳನ್ನು ಅಳಿಸಿ ಬೀದಿಯ ತುಂಡನ್ನಷ್ಟೇ ತೋರಿಸುವ ಅದರ ಮರೆಮಾಡುವ ವಿಧಾನ ಬ್ರಿಟನ್ನಿನದಕ್ಕಿಂತ ಸರಳ. ದಿನಾಂಕ, ಸಮಯ, ಬಂಧನವಾಯಿತೋ ಇಲ್ಲವೋ, ಪ್ರಕರಣ ಮನೆಯೊಳಗಿನ ಹಿಂಸೆಯದೋ ಅಲ್ಲವೋ ಎಂಬುದು ಪ್ರತ್ಯೇಕ ಕಾಲಂಗಳಲ್ಲಿರುವುದರಿಂದ, ಸಮಯಕ್ಕೆ ಸಂಬಂಧಿಸಿದ ಯಾವ ಪ್ರಶ್ನೆಗಾದರೂ ನಾನು ಅದನ್ನೇ ಆರಿಸಿಕೊಳ್ಳುತ್ತೇನೆ. ಆದರೆ ಅದೇ ನಗರದಲ್ಲಿ ಪೊಲೀಸರ ವಿರುದ್ಧದ ದೂರಿನ ಕಡತಗಳು ಸಾರ್ವಜನಿಕ ದಾಖಲೆಗಳೆಂದು ಒಪ್ಪಿಸಲು 2014ರಲ್ಲಿ ಮೇಲ್ಮನವಿ ನ್ಯಾಯಾಲಯದ ಆದೇಶವೇ ಬೇಕಾಯಿತು. ನಾಗರಿಕರ ಅಪರಾಧದ ಕಡತ ತಾನಾಗಿ ಹೊರಬಂದಿತ್ತು, ಪೊಲೀಸರ ತಪ್ಪಿನ ಕಡತವನ್ನು ಹೊರಗೆಳೆಯಬೇಕಾಯಿತು.

ಭಾರತದ ಓದುಗರಿಗೆ ಒಂದು ಹೋಲಿಕೆ ಮನಸ್ಸಿಗೆ ಬಾರದಿರದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ತರುವ ವಾರ್ಷಿಕ ಅಪರಾಧ ವರದಿಯ ಪರಂಪರೆ 1953ರಷ್ಟು ಹಳೆಯದು, ಬ್ಯೂರೋ ಸ್ಥಾಪನೆಗಿಂತಲೂ ಹಿಂದಿನದು. ಅದು ಕೊಡುವುದು ಕೂಡಿಸಿ ಮುಗಿಸಿದ ಕೋಷ್ಟಕಗಳನ್ನು. 2022ರ ವರದಿ ಜನರ ಕೈಗೆ ಬಂದದ್ದು 2023ರ ಡಿಸೆಂಬರ್‌ನಲ್ಲಿ. ಒಂದೇ ಪ್ರಕರಣದಲ್ಲಿ ಹಲವು ಅಪರಾಧಗಳಿದ್ದರೆ ಅತಿ ಗಂಭೀರವಾದದ್ದನ್ನು ಮಾತ್ರ ಎಣಿಸುವ ನಿಯಮದಿಂದಾಗಿ, ಅತ್ಯಾಚಾರ ಮಾಡಿ ಕೊಲೆಗೈದ ಪ್ರಕರಣ ಕೊಲೆಯ ಲೆಕ್ಕಕ್ಕೆ ಮಾತ್ರ ಸೇರುತ್ತದೆ. ಇನ್ನೊಂದು ಕಡೆ, 2016ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಂತೆ, ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು ಸಾಮಾನ್ಯವಾಗಿ 24 ಗಂಟೆಯೊಳಗೆ ಅಂತರ್ಜಾಲದಲ್ಲಿ ಹಾಕಬೇಕು. ಆರೋಪಿಯ ಹಕ್ಕಿನ ದೃಷ್ಟಿಯಿಂದ ಅದು ದೊಡ್ಡ ಹೆಜ್ಜೆ. ಬ್ರಿಟನ್ನಿನ ತಾಣದಲ್ಲಿ ಒಂದು ಪ್ರಕರಣದ ಕಥನ ಒಂದು ವಾಕ್ಯವೂ ಸಿಗುವುದಿಲ್ಲ. ಅಂದರೆ ಇಲ್ಲಿ ಬಿಡಿ ಎಫ್‌ಐಆರ್ ಹೆಸರು ಸಮೇತ ತೆರೆದಿದೆ, ಎಣಿಸಲು ಬೇಕಾದ ಹೆಸರಿಲ್ಲದ ಸಾಲುಗಳಿಲ್ಲ. ಅಲ್ಲಿ ಸಾಲುಗಳಿವೆ, ಕಥನವಿಲ್ಲ. ಎರಡನ್ನೂ ಬಲ್ಲವರು ಇವುಗಳಲ್ಲಿ ಒಂದನ್ನೇ ಆರಿಸಬೇಕೆಂದು ಹೇಳಲಾರರು.

ಮತ್ತೆ ತಾಣದ ಮಾತಿಗೆ ಬಂದರೆ, ನಾನು ಬೇಡುವುದು ಮೂರು ಸುಧಾರಣೆ. ಪೊಲೀಸರು ಬಲ ಪ್ರಯೋಗಿಸಿದ ಸಂದರ್ಭಗಳ ಅಂಕಿಅಂಶ ಬೇರೆ ಸರಕಾರಿ ಪ್ರಕಟಣೆಗಳಲ್ಲಿ ಚದುರಿದೆ, ಪೊಲೀಸರ ವಿರುದ್ಧದ ದೂರುಗಳದ್ದು ಇನ್ನೊಂದು ಸಂಸ್ಥೆಯ ವರದಿಗಳಲ್ಲಿದೆ; ಇವೆರಡೂ ತಪಾಸಣೆಯ ಕಡತದ ಮಾದರಿಯಲ್ಲೇ, ಸಾಲು ಸಾಲಾಗಿ, ಇದೇ ತಾಣದಲ್ಲಿ ಸಿಗಬೇಕು. ಕಡತ ಕೊಡದ ಪಡೆಯ ಹೆಸರು ಬದಲಾವಣೆಗಳ ಪಟ್ಟಿಯ ಒಳಪುಟದಲ್ಲಲ್ಲ, ಮುಖಪುಟದಲ್ಲಿರಬೇಕು. ಅಪರಾಧ ಕಡತದ ಕೊನೆಯಲ್ಲಿ ‘ಸಂದರ್ಭ’ ಎಂಬ ಒಂದು ಕಾಲಂ ಇದೆ, ಹೆಚ್ಚುಕಡಿಮೆ ಎಲ್ಲ ಸಾಲುಗಳಲ್ಲೂ ಅದು ಖಾಲಿ. ತನಿಖೆಯನ್ನು ಏಕೆ ಮುಗಿಸಲಾಯಿತು ಎಂಬುದಕ್ಕೆ ನಾಲ್ಕು ಪದ ಅಲ್ಲಿ ಬಂದರೂ, ಫಿರ್ಯಾದಿ ಮತ್ತೊಮ್ಮೆ ಠಾಣೆಗೆ ಅಲೆಯುವುದು ತಪ್ಪುತ್ತದೆ.

ಹೊಸದಾಗಿ ಬಳಸುವವರು ನಕ್ಷೆಯಿಂದ ಆರಂಭಿಸಬೇಡಿ. ಯಾವುದಾದರೂ ಒಂದು ಪಡೆಯ, ಒಂದು ತಿಂಗಳ ತಪಾಸಣೆ ಕಡತವನ್ನು ಇಳಿಸಿಕೊಂಡು, ಫಲಿತಾಂಶದ ಕಾಲಂ ಅನ್ನು ಅಕ್ಷರಾನುಕ್ರಮಕ್ಕೆ ತಂದು, ಮೇಲಿನ ನೂರು ಸಾಲುಗಳನ್ನು ತಾಳ್ಮೆಯಿಂದ ಓದಿ. ಪ್ರತಿ ತಿಂಗಳ ಸಂಗ್ರಹದಲ್ಲಿ ಹಿಂದಿನ ಮೂರು ವರ್ಷಗಳ ಕಡತಗಳು ಆ ಹೊತ್ತಿಗೆ ಹೇಗಿದ್ದವೋ ಹಾಗೆಯೇ ಇರುತ್ತವೆ, ಪಡೆಗಳು ಹಳೆಯ ಸಂಖ್ಯೆಗಳನ್ನು ಆಮೇಲೆ ತಿದ್ದುವುದೂ ಉಂಟು. ಆದ್ದರಿಂದ ಯಾವ ಸಂಗ್ರಹದಿಂದ, ಯಾವ ದಿನ ಇಳಿಸಿಕೊಂಡಿರಿ ಎಂಬುದನ್ನು ಕಡತದ ಹೆಸರಿನಲ್ಲೇ ಬರೆದಿಟ್ಟುಕೊಳ್ಳಿ.